ನೋಡುವುದಕ್ಕೂ ಒಂದು ಪೀರಿಯಡ್ ಬೇಕು

ಅಕ್ಕನ ಮಗ ಬಿಎ ಪದವಿಯಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದಾನೆ. ಈ ಸೆಮಿಸ್ಟರ್‌ನಲ್ಲಿ ಸಿನಿಮಾ ಕುರಿತ ಪಾಠವೂ ಇದೆಯೆಂದು ತಿಳಿದು, ತರಗತಿಯಲ್ಲಿ ಯಾವ ಯಾವ ಚಿತ್ರಗಳನ್ನು ನೋಡಿದಿರಿ ಎಂದು ಫೋನಿನಲ್ಲಿ ವಿಚಾರಿಸಿದೆ. "ನೋಡೋದೇನೂ ಇಲ್ಲ ಮಾಮ, ನೋಟ್ಸ್ ಕೊಟ್ಟಿದ್ದಾರೆ" ಎಂದ. ಅವನ ದನಿಯಲ್ಲಿ ದೂರಿರಲಿಲ್ಲ, ಬೇಸರವೂ ಇರಲಿಲ್ಲ. ನನಗೆ ಮಾತ್ರ ಆ ಮಾತು ಚುಚ್ಚಿತು.

ಚುಚ್ಚಲು ಕಾರಣವಿದೆ. ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ಗೆಳೆಯರೊಬ್ಬರ ಮಗಳು, ಹೆಚ್ಚುಕಡಿಮೆ ಅವನದೇ ವಯಸ್ಸಿನವಳು, ಫಿಲ್ಮ್ ಮತ್ತು ಮೀಡಿಯಾ ವಿಷಯದ ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಅವಳ ವೇಳಾಪಟ್ಟಿಯಲ್ಲಿ ಉಪನ್ಯಾಸಕ್ಕೆ ಹೇಗೋ ಹಾಗೆಯೇ ಚಿತ್ರ ನೋಡುವುದಕ್ಕೂ ಹೊತ್ತು ಗೊತ್ತುಮಾಡಿದ್ದಾರೆ. ವಾರದ ಚಿತ್ರವನ್ನು ಎಲ್ಲರೂ ಕತ್ತಲೆಯ ಕೋಣೆಯಲ್ಲಿ ಒಟ್ಟಿಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಆಮೇಲೆ ಸಣ್ಣ ಗುಂಪಿನ ಸೆಮಿನಾರಿನಲ್ಲಿ ಅದೇ ಚಿತ್ರದ ನಾಲ್ಕೈದು ನಿಮಿಷದ ಒಂದು ಭಾಗವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಕ್ಯಾಮೆರಾ ಇಲ್ಲಿಯೇ ಏಕೆ ನಿಂತಿದೆ, ಶಬ್ದ ಎಲ್ಲಿಂದ ಬರುತ್ತಿದೆ, ಈ ಶಾಟನ್ನು ಇನ್ನೂ ಎರಡು ಕ್ಷಣ ಉಳಿಸಿಕೊಂಡಿದ್ದರೆ ಅರ್ಥ ಬದಲಾಗುತ್ತಿತ್ತೇ ಎಂದು ಚರ್ಚಿಸುತ್ತಾರೆ. ಅಂಕ ಬರುವುದು ಹೀಗೆ ನೋಡಿ ಬರೆದ ಪ್ರಬಂಧಕ್ಕೆ.

ಒಮ್ಮೆ ಅವಳು 'ಘಟಶ್ರಾದ್ಧ'ವನ್ನು ನೋಡಿಕೊಂಡು ಬಂದಳು. ಗಿರೀಶ ಕಾಸರವಳ್ಳಿಯವರ ಈ 1977ರ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಮೇಲೆ ಅದು ಅವಳ ತರಗತಿಯ ಕಣ್ಣಿಗೂ ಬಿದ್ದಿತ್ತು. ಕನ್ನಡ ಬಾರದ ಆ ಹುಡುಗಿ ನನ್ನನ್ನು ಕೇಳಿದ್ದು ಆಚಾರದ ಬಗ್ಗೆಯೋ ಊರಿನ ಬಗ್ಗೆಯೋ ಅಲ್ಲ. "ಅಂಕಲ್, ಸಂಕಟವೆಲ್ಲ ವಿಧವೆ ಯಮುನಾಳದು, ನಾವು ಅದನ್ನು ಕಾಣುವುದು ಮಾತ್ರ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಮೂಲಕ. ಅವನಿಗೆ ಅರ್ಥವಾಗದೇ ಇರುವುದು ನಮಗೆ ಅರ್ಥವಾಗುವಂತೆ ಹೇಗೆ ಮಾಡಿದ್ದಾರೆ?" ಎಂದಳು. ಆ ಸಂಜೆ ನಾವಿಬ್ಬರೂ ಆ ಒಂದೇ ಪ್ರಶ್ನೆಯನ್ನು ಹಿಡಿದು ಬಹಳ ಹೊತ್ತು ಮಾತನಾಡಿದೆವು. ನಮ್ಮ ಭಾಷೆಯ ಚಿತ್ರದ ಬಗ್ಗೆ ಇಂಥ ಪ್ರಶ್ನೆಯನ್ನು ನಮ್ಮ ಪದವಿ ತರಗತಿಗಳಲ್ಲಿ ಕೇಳುವವರು ಎಷ್ಟು ಜನ ಇದ್ದಾರೆ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮಾಧ್ಯಮದ ಪಾಠದಲ್ಲಿಯೂ ಇದೇ ವ್ಯತ್ಯಾಸ. ಸುದ್ದಿಯನ್ನು ಕಟ್ಟುವವರು ಒಂದು ಅರ್ಥವನ್ನು ಇಟ್ಟು ಕಟ್ಟುತ್ತಾರೆ, ನೋಡುಗರು ಅದನ್ನು ಹಾಗೆಯೇ ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ಜಗಳವಾಡಬಹುದು, ಪೂರ್ತಿ ಎದುರಾಗಿಯೂ ಓದಬಹುದು ಎಂದು ಸಂಸ್ಕೃತಿ ಅಧ್ಯಯನದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಮಂಡಿಸಿದರು. ಅವಳ ತರಗತಿಯಲ್ಲಿ ಇದನ್ನು ಹೇಳಿಕೊಟ್ಟ ವಾರವೇ ವಿದ್ಯಾರ್ಥಿಗಳು ಹಿಂದಿನ ರಾತ್ರಿಯ ಟಿವಿ ವಾರ್ತೆಯನ್ನು ಮುಂದಿಟ್ಟುಕೊಂಡು ಪರೀಕ್ಷಿಸಿ ನೋಡಿದರು. ನನ್ನ ಸೋದರಳಿಯನ ನೋಟ್ಸಿನಲ್ಲಿಯೂ ಹಾಲ್ ಅವರ ಹೆಸರಿದೆ. ಐದು ಅಂಕದ ಉತ್ತರಕ್ಕೆ ಎಷ್ಟು ಬೇಕೋ ಅಷ್ಟು ಸಾಲು, ಅದರ ಕೆಳಗೆ 'ಸಮೂಹ ಮಾಧ್ಯಮಗಳ ಕಾರ್ಯಗಳನ್ನು ವಿವರಿಸಿ' ಎಂಬ ಮುಂದಿನ ಪ್ರಶ್ನೆ.

ನಮ್ಮಲ್ಲಿ ಸಿನಿಮಾ ಕಲಿಕೆಗೆ ಎರಡು ತುದಿಗಳು ಹಳೆಯ ಕಾಲದಿಂದ ಇವೆ, ನಡುವಿನ ಜಾಗ ಮಾತ್ರ ಬರಿದಾಗಿದೆ. ಒಂದು ತುದಿಯಲ್ಲಿ ಕೈಕೆಲಸ ಕಲಿಸುವ ಡಿಪ್ಲೊಮಾ. ಇನ್ನೊಂದು ತುದಿಯಲ್ಲಿ ಬೇರೆ ಯಾವುದೋ ಪದವಿಯನ್ನು ಮುಗಿಸಿಕೊಂಡು ಹೋಗಬೇಕಾದ, 1960ರಲ್ಲಿ ಆರಂಭವಾದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಕಾಸರವಳ್ಳಿಯವರೇ ಫಾರ್ಮಸಿ ಪದವಿ ಪಡೆದ ಮೇಲೆ ಅಲ್ಲಿಗೆ ಹೋದವರು. ಆದರೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ, ದಿನಕ್ಕೆ ಗಂಟೆಗಟ್ಟಲೆ ಪರದೆ ನೋಡುವ ಮಕ್ಕಳಿಗೆ, ನೋಡುವುದನ್ನೇ ಒಂದು ಅಧ್ಯಯನವಾಗಿ ಕಲಿಸುವ ಸಾಮಾನ್ಯ ಪದವಿ ತರಗತಿ ಸುಲಭಕ್ಕೆ ಸಿಗುವುದಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವರ್ಷಗಳ ಲೆಕ್ಕಕ್ಕೆ ನಡೆದಷ್ಟು ಚರ್ಚೆ ಆ ವರ್ಷಗಳ ಒಳಗೆ ಏನು ನಡೆಯಬೇಕು ಎಂಬುದಕ್ಕೆ ನಡೆದದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ, ಇಂಗ್ಲೆಂಡಿನ ಕೊರತೆಗಳನ್ನೂ ಹೇಳಬೇಕಾಗುತ್ತದೆ. ಮೀಡಿಯಾ ಪದವಿಯನ್ನು ಕೆಲಸಕ್ಕೆ ಬಾರದ ಓದು ಎಂದು ಹೀಗಳೆಯುವುದು ಈ ದೇಶದ ಪತ್ರಿಕೆಗಳಿಗೂ ರಾಜಕಾರಣಿಗಳಿಗೂ ಹಳೆಯ ಅಭ್ಯಾಸ. ಹಾಲ್ ಅವರು ಮುನ್ನಡೆಸಿದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಸ್ಕೃತಿ ಅಧ್ಯಯನ ಕೇಂದ್ರ 1964ರಲ್ಲಿ ಹುಟ್ಟಿ ಜಗತ್ತಿಗೇ ಒಂದು ಓದುವ ಕ್ರಮವನ್ನು ಕೊಟ್ಟಿತು. ಅದರಿಂದ ಬೆಳೆದ ವಿಭಾಗವನ್ನು 2002ರಲ್ಲಿ ವಿಶ್ವವಿದ್ಯಾಲಯವೇ ಮುಚ್ಚಿತು. ಗೆಳೆಯರ ಮಗಳು ದೊಡ್ಡ ಸಾಲವನ್ನು ಹೊತ್ತು ಓದುತ್ತಿದ್ದಾಳೆ, ಶಾಟುಗಳ ಬಗ್ಗೆ ಅಷ್ಟು ಸೊಗಸಾಗಿ ಬರೆಯುವವಳು ಇನ್ನೂ ಒಂದು ದೃಶ್ಯಕ್ಕೂ ತಾನೇ ಲೈಟಿಂಗ್ ಮಾಡಿಲ್ಲ. ನಮ್ಮ ಡಿಪ್ಲೊಮಾದ ದಾರಿಯಾದರೋ ವಿ.ಕೆ. ಮೂರ್ತಿಯವರಂಥ ಛಾಯಾಗ್ರಾಹಕರನ್ನು ಬೆಂಗಳೂರಿನ ಪಾಲಿಟೆಕ್ನಿಕ್ಕಿನಿಂದಲೇ ಕೊಟ್ಟಿತ್ತು.

ಅದಕ್ಕಿಂತ ದೊಡ್ಡದನ್ನೂ ಒಪ್ಪಬೇಕು. ಇಲ್ಲಿ ನಾನು ಕಂಡು ಬೆರಗಾದ ಕ್ರಮ ಕನ್ನಡಕ್ಕೆ ಹೊಸದಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಪುಣೆಯ ಅದೇ ಸಂಸ್ಥೆಯಿಂದ ಸಿನಿಮಾ ಪಾಠ ಹೇಳುತ್ತಿದ್ದ ಸತೀಶ ಬಹಾದೂರರನ್ನು ಕರೆಸಿ, ರಸಗ್ರಹಣ ಶಿಬಿರಗಳಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟು, ಕನ್ನಡದಲ್ಲಿಯೇ ಚರ್ಚಿಸಿದ್ದರು. ಅಲ್ಲಿ ಅಂಕಪಟ್ಟಿ ಇರಲಿಲ್ಲ, ಸಾಲವೂ ಇರಲಿಲ್ಲ. ಆ ಅನುಭವ ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮಕ್ಕೆ ಇಳಿಯದೆ ಹೋದದ್ದೇ ನನಗೆ ಹೆಚ್ಚು ನೋವು ಕೊಡುತ್ತದೆ.

ಸೋದರಳಿಯನ ಕಾಲೇಜಿನಲ್ಲಿ ಪ್ರೊಜೆಕ್ಟರ್ ಇದೆ, ಸಭಾಂಗಣವೂ ಇದೆ. ವಾರದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಚಿತ್ರ ತೋರಿಸುವುದಕ್ಕೆ ಮೀಸಲಾಗಲಿ, ಮರುದಿನ ಅದರ ಒಂದು ದೃಶ್ಯದ ಮೇಲೆ ಮಾತು ನಡೆಯಲಿ, ಇಂಟರ್ನಲ್ಸ್ ಅಂಕಗಳಲ್ಲಿ ಅರ್ಧದಷ್ಟಾದರೂ ವಿದ್ಯಾರ್ಥಿ ತಾನು ಕಂಡದ್ದನ್ನು ತನ್ನ ಕನ್ನಡದಲ್ಲಿ ಬರೆದದ್ದಕ್ಕೆ ಸಿಗಲಿ. ಇದನ್ನು ಪಠ್ಯಕ್ರಮ ಸಮಿತಿಯವರು ಮುಂದಿನ ಸೆಮಿಸ್ಟರಿಗೇ ಆರಂಭಿಸಬಹುದು.