ಸತ್ಯಾಂಶ: ಎಡಗಡೆಯ ಪಲ್ಯ ಉಳಿದರೆ ಕಣ್ಣು ಹೋಗಿದೆ ಅಂತಲ್ಲ

ಕೋಲಾರದ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಫಾರ್ವರ್ಡ್ ಇದು: "ಲಕ್ವ ಹೊಡೆದವರು ತಟ್ಟೆಯ ಎಡಗಡೆ ಊಟ ಬಿಟ್ಟರೆ ಕಣ್ಣು ಹೋಗಿದೆ. ಎಲ್ಲವನ್ನೂ ಬಲಕ್ಕೇ ಇಡಿ."

ಹಾಗಲ್ಲ. ಬಲಗಡೆಯ ಮುದ್ದೆ ಖಾಲಿ, ಎಡಗಡೆಯ ಪಲ್ಯ ಹಾಗೇ. "ಪಲ್ಯ ಹಾಕಿಲ್ವಾ?" ಅಂತ ಬೇರೆ ಕೇಳ್ತಾರೆ. ತಟ್ಟೆ ತಿರುಗಿಸಿ, ತಿಂತಾರೆ. ಹಟವಲ್ಲ ಇದು. ಹೆಚ್ಚಾಗಿ ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಗಮನ ಎಡಕ್ಕೆ ಹೋಗುವುದಿಲ್ಲ. ಕೆಲವರಿಗೆ ದೃಷ್ಟಿಯ ಒಂದು ಭಾಗವೂ ಹೋಗಿರುತ್ತದೆ, ಹಾಗಾಗಿ ಕಣ್ಣಿನ ಪರೀಕ್ಷೆ ಬೇಡ ಅನ್ನಲ್ಲ.

ಎಲ್ಲವನ್ನೂ ಬಲಕ್ಕಿಟ್ಟರೆ ಎಡಕ್ಕೆ ತಿರುಗುವ ಅಭ್ಯಾಸವೇ ಆಗಲ್ಲ, ಅಲ್ವಾ? ಥೆರಪಿಯಲ್ಲಿ ಪೇಪರಿನ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಪ್ರತಿ ಸಾಲನ್ನೂ ಅಲ್ಲಿಂದಲೇ ಓದಿಸುತ್ತಾರೆ.

ಥೆರಪಿಯಲ್ಲೇ ಬಳಸುವ ಪ್ರಿಸಂ ಕನ್ನಡಕ (ಬೆಳಕನ್ನು ಬಾಗಿಸುವ ಗಾಜಿನದು) ಇನ್ನೂ ಮಜವಾಗಿದೆ. ಅದು ನೋಟವನ್ನು ಸುಮಾರು 10 ಡಿಗ್ರಿ ಬಲಕ್ಕೆ ಸರಿಸುತ್ತದೆ. ಎದುರಿನ ಚುಕ್ಕೆ ತೋರಿಸಲು ಹೋದ ಬೆರಳು ಮೊದಲು ಬಲಕ್ಕೆ ತಪ್ಪುತ್ತದೆ. ಮತ್ತೆ ಮತ್ತೆ ಮಾಡಿದಾಗ ಕೈ ತಾನೇ ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೆ ಕೈ ಎಡಕ್ಕೆ ವಾಲುತ್ತದೆ, ಕೆಲವರಲ್ಲಿ ಗಮನವೂ ವಾಲುತ್ತದೆ. 1998ರಿಂದ ಇದರ ಮೇಲೆ ಅಧ್ಯಯನ ನಡೆದಿದೆ. ಎಲ್ಲರಿಗೂ ಒಂದೇ ರೀತಿ ಫಲ ಸಿಕ್ಕಿಲ್ಲ.

ಮನೆಯಲ್ಲಿ? ಮೊಬೈಲನ್ನು ಎಡಕ್ಕಿಟ್ಟು "ಅಜ್ಜಿ, ಇಲ್ಲಿ ನೋಡಿ" ಅನ್ನಿ. ಬಿಸಿ ಸಾರನ್ನು ಮಾತ್ರ ಎಡಕ್ಕಿಡಬೇಡಿ.