ಸ್ಪಷ್ಟನೆ: ಹಾವಿನ ಪೆಟ್ಟಿಗೆಗೆ ದೇವದಾರು ಹೊಟ್ಟು ಬೇಡ

ಮುಂಬೈ ಹತ್ತಿರದ ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದವರ ಫೋನುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಸಾಕಿದ ಹಾವಿನ ಪೆಟ್ಟಿಗೆಗೆ ದೇವದಾರು ಹೊಟ್ಟು ಹಾಕಿ, ಅದರ ವಾಸನೆಗೆ ರಕ್ತ ಹೀರುವ ಉಣ್ಣೆ ಹುಳ ಹತ್ತಿರ ಬರಲ್ಲ."

ದಯವಿಟ್ಟು ಹಾಕಬೇಡಿ. ಆ ಘಮ ಬರುವುದೇ ಮರದ ಎಣ್ಣೆಯಿಂದ. ಮುಚ್ಚಿದ ಪೆಟ್ಟಿಗೆಯಲ್ಲಿ ಹಾವು ಹಗಲೂ ರಾತ್ರಿ ಅದನ್ನೇ ಉಸಿರಾಡಬೇಕು, ಅದರ ಮೇಲೇ ಮೈಯೊರಗಿಸಬೇಕು. ಬೀರುವಿನಲ್ಲಿ ನಮಗೆ ಹಿತವಾಗುವ ವಾಸನೆ ಅದರ ಶ್ವಾಸಕೋಶಕ್ಕೆ ವಿಷ. ಬಡಗಿ ಅಂಗಡಿಯ ಹೊಟ್ಟೂ ಬೇಡ. ಅದರಲ್ಲಿ ಯಾವ ಮರ, ಎಷ್ಟು ಪ್ಲೈವುಡ್ ಅಂಟು ಸೇರಿದೆ ಅಂತ ಯಾರು ಹೇಳುತ್ತಾರೆ?

ಆಸ್ಪೆನ್ ಅನ್ನುವ ಮರದ ಹೊಟ್ಟಿನಲ್ಲಿ ಈ ತೊಂದರೆ ಇಲ್ಲ. ಅಮೆರಿಕದ ಕಾರ್ನ್ ಸ್ನೇಕ್ ಹಾವು ಅದರಲ್ಲಿ ಸುರಂಗ ಮಾಡಿಕೊಂಡು ಹಾಯಾಗಿರುತ್ತದೆ. ಆದರೆ ಮುಂಬೈ ಮಳೆಗಾಲ ಗೊತ್ತಲ್ವಾ? ಜುಲೈಯಲ್ಲಿ ನೀರಿನ ಬಟ್ಟಲು ಎತ್ತಿ ನೋಡಿ, ಅಡಿಯಲ್ಲಿ ಬೂಷ್ಟು ಹತ್ತಿಯ ಹಾಗೆ ಹಬ್ಬಿರುತ್ತದೆ. ಒದ್ದೆಯಾದ ಜಾಗದ ಹೊಟ್ಟನ್ನು ಆಗಲೇ ತೆಗೆಯಿರಿ.

ಆಫ್ರಿಕಾದ ಸಣ್ಣ ಹೆಬ್ಬಾವು ಬಾಲ್ ಪೈಥಾನ್‌ಗೆ ತೇವ ಜಾಸ್ತಿ ಬೇಕು. ಅದಕ್ಕೆ ತೆಂಗಿನ ನಾರಿನ ಪುಡಿ ಒಳ್ಳೆಯದು. ನೆನೆಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಹಾಕಿ. ಹಿಂಡಿದ ಮೇಲೂ ನೀರು ತೊಟ್ಟಿಕ್ಕಿದರೆ ಅದು ಜಾಸ್ತಿ ಒದ್ದೆ.

ಇದೆಲ್ಲ ಹೊರದೇಶದ ಹಾವುಗಳ ಮಾತು. ನಾಗರ, ಕೇರೆ, ನಮ್ಮ ಹೆಬ್ಬಾವು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಉಣ್ಣೆ ಹುಳದ ಅನುಮಾನವಿದ್ದರೆ ಹೊಟ್ಟೆಲ್ಲ ತೆಗೆದು ಸುಮ್ನೆ ಬಿಳಿ ಕಾಗದ ಹಾಸಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಓಡಾಡುವುದು ಕಂಡರೆ ಹಾವನ್ನು ಪಶುವೈದ್ಯರಿಗೆ ತೋರಿಸಿ.