ಚಿಂತೆಗೆ ಸಂಜೆ ಆರೂವರೆ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರಿಗೂ ಬೇರೆ ಬೇರೆ ತಜ್ಞರು. ಅವರ ಸಲಹೆಗಳು ಒಂದಕ್ಕೊಂದು ಪೂರಾ ಉಲ್ಟಾ. ಚಿಕ್ಕವನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಹೇಳಿದ್ದನ್ನೇ ಮತ್ತೆ ಮತ್ತೆ ನೆನಪಿಸಿ ಅಂತಾರೆ ಅವನ ಡಾಕ್ಟರು. ದೊಡ್ಡವಳಿಗೆ ಆತಂಕ. ಕೇಳಿದ್ದನ್ನೇ ಕೇಳಿದರೆ ಮತ್ತೆ ಮತ್ತೆ ಉತ್ತರ ಕೊಡಬೇಡಿ ಅಂತಾರೆ ಅವಳ ಕೌನ್ಸೆಲರ್. ಇಬ್ಬರನ್ನೂ ಬೇರೆ ಬೇರೆ ಮನೆಯಲ್ಲಿ ಇಟ್ಟಿದ್ದರೆ ಎರಡನ್ನೂ ಚಾಚೂ ತಪ್ಪದೆ ಪಾಲಿಸಬಹುದಿತ್ತು. ಮುಂಬೈನ ಮುಲುಂಡ್‌ನಲ್ಲಿ ನಮಗಿರುವುದು ಒನ್ ಬಿಎಚ್‌ಕೆ. ಅದರಲ್ಲಿ ಅತ್ತೆಯೂ ಇದ್ದಾರೆ.

ಅತ್ತೆ ಗದಗಿನವರು. ಮೊದಲಿಗೆ ಅವರು ಇದ್ಯಾವುದನ್ನೂ ಒಪ್ಪಲಿಲ್ಲ. ‘ನಮ್ಮ ಕಾಲದಾಗ ಇಂಥವೆಲ್ಲ ಇದ್ದಿಲ್ಲವಾ’ ಎಂದರು. ಇವರು ಮೊಬೈಲಿನಲ್ಲಿ ಓದಿ ಹೇಳಿದರು: ಜಾರ್ಜ್ ಸ್ಟಿಲ್ ಅಂತ ಮಕ್ಕಳ ಡಾಕ್ಟರು 1902ರಲ್ಲೇ ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದಾರೆ. ಅತ್ತೆ ಹೂವು ಕಟ್ಟುತ್ತಲೇ, ‘ಲಂಡನ್‌ದಾಗ ಇದ್ದಿರಬೇಕು. ಗದಗಿನ್ಯಾಗ ಇದ್ದಿಲ್ಲ’ ಎಂದರು.

ಆಮೇಲೆ ಗೊತ್ತಾಯಿತು, ಗದಗಿನಲ್ಲೂ ಇತ್ತು. ಎಡಿಎಚ್‌ಡಿ ವಂಶದಲ್ಲಿ ಹರಿದು ಬರುವುದು ಜಾಸ್ತಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಎಂದು ಡಾಕ್ಟರು ಕೇಳಿದಾಗ ನಾನು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅತ್ತೆ ಮಾತ್ರ ನೇರವಾಗಿ ಮಗನ ಮುಖ ನೋಡಿದರು. ಇವರ ಲೋಕಲ್ ಪಾಸು ಒಮ್ಮೆ ಫ್ರಿಜ್‌ನಲ್ಲಿ, ಕೊತ್ತಂಬರಿ ಸೊಪ್ಪಿನ ಕೆಳಗೆ ಸಿಕ್ಕಿತ್ತು. ಇನ್ನು ನಮ್ಮ ಮಾವನವರು ಸೈಕಲ್ ಮೇಲೆ ಸಂತೆಗೆ ಹೋಗಿ, ನಡೆದುಕೊಂಡು ಮನೆಗೆ ಬಂದು, ಸೈಕಲ್ ಕಳುವಾಗಿದೆ ಅಂತ ಕೂಗಾಡಿದ್ದರಂತೆ. ಇದನ್ನು ಅತ್ತೆಯೇ ಹೇಳಿದ್ದು, ಕ್ಲಿನಿಕ್ಕಿನಿಂದ ವಾಪಸ್ ಬರುವಾಗ ರಿಕ್ಷಾದಲ್ಲಿ.

ಎಡಿಎಚ್‌ಡಿ ಅನ್ನಬೇಕಾದರೆ ಹನ್ನೆರಡು ವರ್ಷದ ಒಳಗೇ ಲಕ್ಷಣ ಕಾಣಬೇಕು, ಅದೂ ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು ಅನ್ನೋದು ನಿಯಮ. ಅದಕ್ಕೆ ಟೀಚರಿಗೊಂದು ಫಾರ್ಮ್, ತಂದೆತಾಯಿಗೊಂದು ಫಾರ್ಮ್. ಟೀಚರ್ ಮರುದಿನವೇ ತುಂಬಿ ಕಳಿಸಿದರು, ಎಲ್ಲದಕ್ಕೂ ಟಿಕ್ ಹಾಕಿ. ನಮ್ಮ ಫಾರ್ಮನ್ನು ಇವರು ಕಳೆದರು. ಎರಡನೆಯದನ್ನೂ ಕಳೆದರು. ಮೂರನೆಯದನ್ನು ಡಾಕ್ಟರು ನನ್ನ ಕೈಗೇ ಕೊಟ್ಟರು.

ಮಾತ್ರೆ ವಿಷಯಕ್ಕೆ ಬಂದಾಗ ಅತ್ತೆ ಮತ್ತೆ ಎದ್ದು ಕೂತರು. ಎಡಿಎಚ್‌ಡಿಗೆ ಕೊಡುವ ಮುಖ್ಯ ಔಷಧಿ ಮಿದುಳನ್ನು ಚುರುಕುಗೊಳಿಸುವಂಥದ್ದು. ‘ಓಡೋ ಕುದುರೀಗೆ ಬಾರುಕೋಲೇನವಾ?’ ಎಂದು ಕೇಳಿದರು. ತಡೆಯುವ ಭಾಗವೇ ನಿಧಾನವಾಗಿ ಕೆಲಸ ಮಾಡುತ್ತೆ, ಅದನ್ನು ಎಬ್ಬಿಸುತ್ತಾರೆ ಎಂದು ವಿವರಿಸಿದೆ. ಅರ್ಥವಾಯಿತೋ ಇಲ್ಲವೋ, ಈಗ ಬೆಳಿಗ್ಗೆ ಮಾತ್ರೆ ನೆನಪಿಸುವವರು ಅವರೇ. ಅದರ ಪ್ರಭಾವ ಇಳಿಯೋ ಸಂಜೆ ಹೊತ್ತಿಗೆ ಸರಿಯಾಗಿ ಗುಡಿಗೆ ಹೊರಟುಬಿಡುವವರೂ ಅವರೇ.

ಟೈಮರ್ ಕಥೆ ಹೇಳಲೇಬೇಕು. ಇಂಥ ಮಕ್ಕಳಿಗೆ ಸಮಯ ಹೋಗುವುದು ಗೊತ್ತಾಗೋದಿಲ್ಲ. ಐದು ನಿಮಿಷವೂ ಒಂದೇ, ಐವತ್ತು ನಿಮಿಷವೂ ಒಂದೇ. ಹಾಗಾಗಿ ಸಮಯವನ್ನು ಕಣ್ಣಿಗೆ ಕಾಣಿಸಿ ಎಂದರು ಡಾಕ್ಟರು. ಕೆಂಪು ಬಣ್ಣ ನಿಧಾನಕ್ಕೆ ಕರಗುತ್ತಾ ಹೋಗುವ ಟೈಮರ್ ತಂದೆವು. ಶೂ ಹಾಕಲು ಹತ್ತು ನಿಮಿಷ. ಚಿಕ್ಕವನು ಒಂದು ಸಾಕ್ಸ್ ಹಾಕಿಕೊಂಡು ಕಿಟಕಿಯಲ್ಲಿ ಪಾರಿವಾಳ ನೋಡುತ್ತಾ ನಿಂತ. ದೊಡ್ಡವಳು ಶೂ ಹಾಕಿ, ಬ್ಯಾಗ್ ಏರಿಸಿ, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಆಗಿತ್ತು. ಕೆಂಪು ಕಡಿಮೆಯಾದಂತೆ ಬೆವರಿದ್ದು ಅವಳು. ‘ಅಮ್ಮ, ಇನ್ನು ನಾಲ್ಕೇ ನಿಮಿಷ. ವ್ಯಾನ್ ಹೋಗಿಬಿಟ್ರೆ?’ ಕೊನೆಗೆ ತಡೆಯಲಾರದೆ ಅವಳೇ ಕೂತು ತಮ್ಮನಿಗೆ ಶೂ ಹಾಕಿದಳು. ಅವನಂತೂ ಕಾಲು ಕೊಟ್ಟುಕೊಂಡು ಪಾರಿವಾಳ ನೋಡುತ್ತಲೇ ಇದ್ದ. ಆ ಭಾನುವಾರ ಟೈಮರ್ ಅವನ ಗಮನ ಪೂರ್ತಿ ಸೆಳೆಯಿತು. ಸ್ಕ್ರೂಡ್ರೈವರ್ ತಂದು, ಊಟವನ್ನೂ ಮರೆತು, ಮಧ್ಯಾಹ್ನವಿಡೀ ಬಿಚ್ಚಿದ. ಗಮನವೇ ಇಲ್ಲ ಅನ್ನೋದು ಸುಳ್ಳು ಕಣ್ರೀ. ಇದೆ, ಬೇಕಾದಷ್ಟಿದೆ. ನಾವು ಹೇಳಿದ ಕಡೆ ಹೋಗೋದಿಲ್ಲ, ಅಷ್ಟೇ.

ದೊಡ್ಡವಳ ಹೊಟ್ಟೆನೋವು ಸೋಮವಾರ ಬೆಳಿಗ್ಗೆ ಬರುತ್ತೆ. ನಾಟಕ ಅಂತ ನೆಂಟರು ಹೇಳ್ತಾರೆ. ನಾಟಕವಲ್ಲ, ಹೆದರಿಕೆ ನಿಜವಾಗಿಯೂ ಹೊಟ್ಟೆಗೆ ಇಳಿಯುತ್ತೆ. ಮಳೆಗಾಲದಲ್ಲಿ ಅದು ವಾರವಿಡೀ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಯಾರೋ ಅವಳಿಗೆ ಹೇಳಿದ್ದಾರೆ. ಅವಳು ಆಗ ಹುಟ್ಟಿರಲೇ ಇಲ್ಲ. ಆದರೂ ಆ ಸಂಖ್ಯೆ ಅವಳಿಗೆ ಹುಟ್ಟಿದ ತಾರೀಖಿನಷ್ಟೇ ಬಾಯಿಪಾಠ. ಜೂನ್ ಬಂದರೆ ಸಮುದ್ರದ ಭರತಿ ಎಷ್ಟು ಗಂಟೆಗೆ, ನಾಲ್ಕೂವರೆ ಮೀಟರ್ ದಾಟುತ್ತಾ ಎಂದು ನೋಡಿಯೇ ಹಲ್ಲುಜ್ಜೋದು.

‘ಏನೂ ಆಗಲ್ಲ ಪುಟ್ಟಿ’ ಅಂತ ನಾವು ಹೇಳುವ ಹಾಗಿಲ್ಲ. ಸಮಾಧಾನ ಹೇಳಿದಷ್ಟೂ ಇನ್ನಷ್ಟು ಸಮಾಧಾನ ಬೇಕಾಗುತ್ತೆ ಎಂದರು ಕೌನ್ಸೆಲರ್. ಅದಕ್ಕೇ ಚಿಂತೆಗೆ ಒಂದು ಸಮಯ ಗೊತ್ತು ಮಾಡಿದರು. ಸಂಜೆ ಆರೂವರೆಯಿಂದ ಹದಿನೈದು ನಿಮಿಷ. ದಿನವಿಡೀ ಬಂದ ಚಿಂತೆ ಬರೆದಿಡೋದು, ಆಗ ಕೂತು ಮಾತಾಡೋದು. ಮೊದಲ ದಿನವೇ ಅವಳು ಕೇಳಿದಳು: ‘ಚಿಂತೆ ಮಾಡೋಕೆ ಲೇಟಾದ್ರೆ?’

ಚಿಕ್ಕವನಿಗೆ ಇದು ಭಾರೀ ಇಷ್ಟವಾಯಿತು. ತನಗೂ ಪಾಳಿ ಬೇಕು ಎಂದು ಬಂದು ಕೂತ. ತನ್ನದೇನೂ ಇಲ್ಲದ್ದರಿಂದ ಅಲ್ಲೇ ಹುಟ್ಟಿಸಿದ: ‘ನಮ್ಮ ಬಿಲ್ಡಿಂಗ್ ಲಿಫ್ಟಲ್ಲಿ ಹಸು ಹತ್ತಿದ್ರೆ?’ ಹೇಳಿ ಎದ್ದು ಹೋದ, ಮರೆತೂಬಿಟ್ಟ. ಅವಳು ಈಗಲೂ ಲಿಫ್ಟ್ ಬಾಗಿಲು ತೆರೆಯುವಾಗ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾಳೆ.

ಹೋದ ಜುಲೈಯಲ್ಲಿ ಒಂದು ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಕನ್ನಡ ನಾಟಕ ನೋಡಲು ಹೋದೆವು. ನಾಟಕ ಹೇಗಿತ್ತು ಅಂತ ಕೇಳಬೇಡಿ. ಅರ್ಧ ನಾನು ನೋಡಿದೆ, ಅರ್ಧ ಇವರು ನೋಡಿದರು. ಮಿಕ್ಕ ಅರ್ಧ ಇಬ್ಬರೂ ಸರದಿಯ ಮೇಲೆ ಚಿಕ್ಕವನ ಹಿಂದೆ ಹೊರಗಿದ್ದೆವು. ವಾಪಸ್ ಬರುವಾಗ ಮಳೆ. ಕಲ್ಯಾಣ್ ಕಡೆಯ ಸ್ಲೋ ಲೋಕಲ್ ರೈಲು ಹತ್ತಿದೆವು. ಸಾಯನ್ ಬಿಟ್ಟು ಕುರ್ಲಾ ಬರುವ ಮೊದಲೇ ಗಾಡಿ ನಿಂತಿತು. ನಿಂತೇ ಇತ್ತು. ಹಳಿ ಮೇಲೆ ನೀರು.

ನಾನು ದೊಡ್ಡವಳ ಕೈ ಹಿಡಿದೆ. ಅವಳು ಬಿಡಿಸಿಕೊಂಡು ಬ್ಯಾಗಿನ ಜಿಪ್ ಎಳೆದಳು. ಟಾರ್ಚ್, ಪವರ್ ಬ್ಯಾಂಕ್, ಗ್ಲೂಕೋಸ್ ಬಿಸ್ಕತ್ತು, ಪ್ಲಾಸ್ಟಿಕ್ ಚೀಲ, ನೀರು, ಒಂದು ಜೊತೆ ಒಣ ಸಾಕ್ಸ್. ಇಷ್ಟು ವರ್ಷ ಇದಕ್ಕಾಗಿಯೇ ತಯಾರಾದವಳಂತೆ ಹಂಚತೊಡಗಿದಳು. ಮುಖದಲ್ಲಿ ಹೆದರಿಕೆಯೇ ಇಲ್ಲ. ಆಗಬಾರದ್ದು ಆಗಿಯೇ ಹೋದ ಮೇಲೆ ಅದಕ್ಕೆ ಹೆದರೋದೇನು ಅನ್ನೋ ಹಾಗೆ. ನಡುಗುತ್ತಿದ್ದದ್ದು ನಾನು. ನನಗೂ ಒಂದು ಬಿಸ್ಕತ್ತು ಕೊಟ್ಟಳು. ಚಿಕ್ಕವನು ಅಷ್ಟರಲ್ಲಿ ಡಬ್ಬಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರ ಊರು, ಕೆಲಸ, ಬಿಪಿ ವಿಚಾರಿಸಿಕೊಂಡು ಬಂದಿದ್ದ. ‘ಮಸ್ತೀಖೋರ್ ಆಹೇ’, ತುಂಟ ಇದ್ದಾನೆ ಎಂದು ಮರಾಠಿಯಲ್ಲಿ ನಗುತ್ತಾ ಡೊಂಬಿವಲಿಯ ಕಾಕು, ಅಂದರೆ ಚಿಕ್ಕಮ್ಮನಂಥವರು ಒಬ್ಬರು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕೊಟ್ಟ ಬಿಸ್ಕತ್ತನ್ನು ಅವನ ಬಾಯಿಗೇ ಹಾಕಿದರು.

ಮುಲುಂಡ್‌ನಲ್ಲಿ ಇಳಿದಾಗ ರಾತ್ರಿಯಾಗಿತ್ತು. ನೋಡಿದರೆ ಇವನ ಕೈಯಲ್ಲಿ ಗುಲಾಬಿ ಬಣ್ಣದ ಛತ್ರಿ. ನಮ್ಮ ಕಪ್ಪು ಛತ್ರಿ ಡೊಂಬಿವಲಿ ಕಡೆ ಹೊರಟಿತ್ತು.

‘ಅಮ್ಮ, ಆ ಕಾಕು ನೆನೆದು ಜ್ವರ ಬಂದ್ರೆ?’ ಎಂದಳು ದೊಡ್ಡವಳು.

‘ನಾಳೆ ಆರೂವರೆಗೆ’ ಎಂದೆ.

‘ಅಷ್ಟೊತ್ತಿಗೆ ಜ್ವರ ಬಂದೇಬಿಟ್ಟಿರುತ್ತಲ್ಲ!’

‘ಬರಲ್ಲ’ ಎಂದ ಚಿಕ್ಕವನು. ‘ನಮ್ಮ ಛತ್ರಿ ಇದೆಯಲ್ಲ ಅವರ ಹತ್ರ.’